ಮ್ಯಾಸ್ಸಿ 1035 ನೀಲಿ ಹೊಗೆ ಬಿಡ್ತಿದೆ: ರಿಂಗ್ ಮಾತ್ರ ಸಾಕಾ, ಪಿಸ್ಟನ್ ಲೈನರ್ ಎಲ್ಲಾ ಹಾಕಿಸಬೇಕಾ?

ಪೊನ್ನಂಪೇಟೆ ಗದ್ದೆಮನೆ · ಮೇ 24

ಎಲ್ಲರಿಗೂ ನಮಸ್ಕಾರ. ನಮ್ಮ ಗಾಡಿ ಮ್ಯಾಸ್ಸಿ 1035 ಟ್ರ್ಯಾಕ್ಟರ್, ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್. ಅಪ್ಪ ತೆಗೆದುಕೊಂಡಿದ್ದು. ಇದುವರೆಗೆ ಎಂಜಿನ್ ಬಿಚ್ಚಿಲ್ಲ.

ಈ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಗೆ ಹೂವಿನ ನೀರು (ಹೂ ಅರಳಿಸಲು ಕೊಡುವ ನೀರು) ಕೊಡಲು ಪಿಟಿಒಗೆ (ಟ್ರ್ಯಾಕ್ಟರ್ ಹಿಂದೆ ತಿರುಗುವ ಶಾಫ್ಟ್) ಪಂಪ್ ಹಾಕಿ ಓಡಿಸಿದ್ದೆವು. ಆಮೇಲಿಂದ ಬೆಳಗ್ಗೆ ಸ್ಟಾರ್ಟ್ ಆಗುವುದೇ ಕಷ್ಟ. ಲೋಡ್ ಬಿದ್ದರೆ ನೀಲಿ ಹೊಗೆ. ಬ್ರೀದರ್ ಪೈಪಿನಿಂದ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪ್) ಉಸಿರು ಬಿಟ್ಟ ಹಾಗೆ ಹೊಗೆ ಬರುತ್ತದೆ. ವಾರಕ್ಕೆ ಒಂದು ಲೀಟರ್ ಆಯಿಲ್ ಹಾಕುತ್ತಿದ್ದೇನೆ. ಹೊರಗೆ ಒಂದು ಹನಿ ಸೋರುತ್ತಿಲ್ಲ.

ನೋಡಿದ ಮೆಕ್ಯಾನಿಕ್ 'ಬ್ಯಾಕ್ ಕಂಪ್ರೆಷನ್ ಬಂದಿದೆ (ಉರಿದ ಗಾಳಿ ಪಿಸ್ಟನ್ ಪಕ್ಕದಿಂದ ಕೆಳಗೆ ನುಗ್ಗುತ್ತಿದೆ), ಪಿಸ್ಟನ್ ಸವೆದಿರಬೇಕು, ಸದ್ಯಕ್ಕೆ ರಿಂಗ್ ಹಾಕಿ ಕೊಡ್ತೀನಿ, ಎರಡು ದಿನದ ಕೆಲಸ' ಅಂದರು. ಜುಲೈ ಮೊದಲ ವಾರಕ್ಕೆ ಗದ್ದೆಗೆ ಇಳಿಸಲೇಬೇಕು. ಕೇಜ್ ವೀಲ್ ಹಾಕಿ ಕೆಸರು ಹೊಡೆಯುವಾಗ ಗಾಡಿ ನಿಂತರೆ ನಾಟಿಯವರನ್ನು ವಾಪಸ್ ಕಳಿಸಬೇಕಾಗುತ್ತದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಶನಿವಾರಸಂತೆ ರೈತ · ಮೇ 24

ನನ್ನದೂ ಇದೇ ಗಾಡಿ. ನಾನು ರಿಂಗ್ ಮಾತ್ರ ಹಾಕಿಸಿದೆ. ಮೂರು ವರ್ಷ ಆಯಿತು, ಇನ್ನೂ ಓಡುತ್ತಿದೆ. ಸುಮ್ನೆ ಜಾಸ್ತಿ ಖರ್ಚು ಮಾಡಬೇಡಿ ಅಣ್ಣಾ.

ಲೇತ್ ಕೆಲಸದವ, ಕುಶಾಲನಗರ · ಮೇ 24

ಬಿಚ್ಚುವ ಮೊದಲೇ 'ರಿಂಗ್ ಸಾಕು' ಅನ್ನುವುದೂ ಸರಿಯಲ್ಲ, 'ಫುಲ್ ಎಂಜಿನ್ ಕೆಲಸ ಬೇಕು' ಅನ್ನುವುದೂ ಸರಿಯಲ್ಲ. ಅಳತೆ ನೋಡದೆ ಹೇಳುವ ಮಾತು ಅದು. ಶನಿವಾರಸಂತೆಯವರ ಲೈನರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆಯ ಕೊಳವೆ) ಚೆನ್ನಾಗಿತ್ತು ಅಂತ ಕಾಣುತ್ತದೆ, ಹಾಗಾಗಿ ರಿಂಗ್ ನಿಂತಿತು. ನಿಮ್ಮದು ಹೇಗಿದೆಯೋ ನೋಡಬೇಕು.

ಮೊದಲು ಕಂಪ್ರೆಷನ್ ಚೆಕ್ ಮಾಡಿಸಿ. ಎಂಜಿನ್ ಬಿಸಿ ಇರಲಿ, ಬ್ಯಾಟರಿ ಫುಲ್ ಇರಲಿ. ಇಂಜೆಕ್ಟರ್ ಬಿಚ್ಚಿ ಅದೇ ತೂತಿಗೆ ಡೀಸೆಲ್ ಎಂಜಿನ್ನಿನ ಗೇಜ್ ಕೂರಿಸಬೇಕು. ಪೆಟ್ರೋಲ್ ಗಾಡಿಯ ಗೇಜ್ ತಡೆಯುವುದಿಲ್ಲ. ಮೂರರಲ್ಲಿ ಯಾವುದಾದರೂ ತೀರಾ ಕಡಿಮೆ ಬಂದರೆ ಆ ಸಿಲಿಂಡರಿಗೆ ಒಂದೇ ಒಂದು ಚಹಾ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗ್, ಪಿಸ್ಟನ್, ಲೈನರ್ ಕಡೆಯ ತೊಂದರೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಬೇಕು. ಚಮಚಕ್ಕಿಂತ ಜಾಸ್ತಿ ಬಿಡಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬಹಳ ಕಡಿಮೆ. ಎಣ್ಣೆ ತುಂಬಿದರೆ ಪಿಸ್ಟನ್ ಹಿಡಿದಿರುವ ರಾಡ್ ಬಗ್ಗಿ ಹೋಗುತ್ತದೆ.

ನಾಪೋಕ್ಲು ಅಕ್ಕ · ಮೇ 25

ಒಂದು ಎಚ್ಚರಿಕೆ ಹೇಳಲೇಬೇಕು. ಇಷ್ಟು ಬ್ಯಾಕ್ ಕಂಪ್ರೆಷನ್ ಇರುವ ಎಂಜಿನ್ನನ್ನು ಜೋರಾಗಿ ಓಡಿಸಬೇಡಿ. ಕೆಲವು ಎಂಜಿನ್‌ಗಳಲ್ಲಿ ಬ್ರೀದರ್ ಪೈಪನ್ನು ಗಾಳಿ ಎಳೆಯುವ ಕಡೆಗೇ ಸೇರಿಸಿರುತ್ತಾರೆ. ಆಗ ಎಂಜಿನ್ ತನ್ನದೇ ಆಯಿಲನ್ನು ಎಳೆದು ಉರಿಸಲು ಶುರು ಮಾಡುತ್ತದೆ. ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ, ಸ್ಪೀಡ್ ಏರುತ್ತಲೇ ಹೋಗುತ್ತದೆ. ನಮ್ಮ ನೆರೆಯ ತೋಟದ ಪಂಪಿನ ಎಂಜಿನ್ನಿಗೆ ಹೀಗೆ ಆಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಗಾಳಿ ಎಳೆಯುವ ಬಾಯಿಯನ್ನು ಹಲಗೆಯಿಂದ ಗಟ್ಟಿಯಾಗಿ ಮುಚ್ಚಿದ ಮೇಲೆ ನಿಂತಿತು. ಕೈ ಅಡ್ಡ ಕೊಡಲು ಹೋಗಬೇಡಿ, ದಯವಿಟ್ಟು.

ಪೊನ್ನಂಪೇಟೆ ಗದ್ದೆಮನೆ · ಮೇ 28

ಕಂಪ್ರೆಷನ್ ನೋಡಿಸಿದೆ. ಒಂದನೆಯದು 360 ಪಿಎಸ್‌ಐ, ಎರಡನೆಯದು 350, ಮೂರನೆಯದು 250. ಮೂರನೆಯದಕ್ಕೆ ಚಮಚ ಆಯಿಲ್ ಬಿಟ್ಟ ಮೇಲೆ 330ಕ್ಕೆ ಬಂತು. ಹಾಗಾದರೆ ಮೂರನೆಯ ಪಿಸ್ಟನ್ ಒಂದನ್ನೇ ಬದಲಾಯಿಸಿದರೆ ಆಗುತ್ತಾ?

ಲೇತ್ ಕೆಲಸದವ, ಕುಶಾಲನಗರ · ಮೇ 28

ಬಿಚ್ಚಿ ನೋಡುವುದೇ ದಾರಿ. ಬಿಚ್ಚಿದ ಮೇಲೆ ಮನೆಯಲ್ಲೇ ಮಾಡಬಹುದಾದ ಒಂದು ಅಳತೆ ಹೇಳುತ್ತೇನೆ. ಬೋರ್ ಗೇಜ್ ಬೇಡ, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು) ಸಾಕು.

ಹೊಸ ಕಂಪ್ರೆಷನ್ ರಿಂಗ್ ಒಂದನ್ನು ಲೈನರ್ ಒಳಗೆ ಹಾಕಿ. ಪಿಸ್ಟನ್ ತಲೆಯಿಂದ ತಳ್ಳಿ ನೇರ ಕೂರಿಸಿ. ಮೊದಲು ಲೈನರಿನ ತಳದಲ್ಲಿ, ರಿಂಗ್ ಓಡಾಡದ ಜಾಗದಲ್ಲಿ, ಬಾಯಿಯ ಗ್ಯಾಪ್ ನೋಡಿ. ಆಮೇಲೆ ಮೇಲುಗಡೆ, ಕರಿ ಕಟ್ಟಿದ ಅಂಚಿನ ಸ್ವಲ್ಪ ಕೆಳಗೆ ನೋಡಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಲೈನರ್ ಎಷ್ಟು ಅಗಲ ಆಗಿದೆ ಅಂತ ಸಿಗುತ್ತದೆ. ಅಂದರೆ ಬೋರ್ (ಲೈನರಿನ ಒಳ ಅಗಲ) 10 ಥೌ ಸವೆದಿದ್ದರೆ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ), ಅಂದರೆ ಕಾಲು ಮಿ.ಮೀ., ಅದೇ ರಿಂಗಿನ ಬಾಯಿ 31 ಥೌ ಜಾಸ್ತಿ ತೆರೆದುಕೊಳ್ಳುತ್ತದೆ. ಹೊಸ ರಿಂಗ್ ಹಾಕಿದರೂ ಅಷ್ಟು ಸಂದಿ ಇದ್ದೇ ಇರುತ್ತದೆ. ಸವೆದ ಲೈನರಿಗೆ ಬರೀ ರಿಂಗ್ ಹಾಕಿದರೆ ದುಡ್ಡು ದಂಡ ಅಂತ ನಾನು ಹೇಳುವುದು ಇದಕ್ಕೇ.

ಈ ಎಂಜಿನ್ನಿನ ಬೋರ್ 91.44 ಮಿ.ಮೀ., ಅಂದರೆ 3.6 ಇಂಚು. ಇಂಚಿಗೆ 3ರಿಂದ 4 ಥೌ ಲೆಕ್ಕದಲ್ಲಿ ಹೊಸ ಲೈನರಿನಲ್ಲಿ ಗ್ಯಾಪ್ 11ರಿಂದ 14 ಥೌ ಬರಬೇಕು.

ಪಿಸ್ಟನ್ನಿನಲ್ಲಿ ಮೇಲಿನ ರಿಂಗ್ ಕೂರುವ ಗ್ರೂವನ್ನೂ ನೋಡಿ. ಹೊಸ ರಿಂಗ್ ಇಟ್ಟು ಪಕ್ಕದ ಸಂದಿಗೆ ಫೀಲರ್ ಹಾಕಿ. ಅಲ್ಲಿ ಸಡಿಲ ಇದ್ದರೆ ರಿಂಗ್ ಮೇಲೆ ಕೆಳಗೆ ಕುಣಿದು ಆಯಿಲನ್ನು ಮೇಲಕ್ಕೆ ಎತ್ತುತ್ತದೆ. ಆ ಪಿಸ್ಟನ್ ಮತ್ತೆ ಹಾಕುವಂಥದ್ದಲ್ಲ.

ಇನ್ನೊಂದು ಮಾತು. ಧೂಳು ಹೋದರೆ ಮೂರೂ ಸವೆಯುತ್ತವೆ. ನಿಮ್ಮಲ್ಲಿ ಮೂರನೆಯದು ಮಾತ್ರ ಇಷ್ಟು ಹಿಂದೆ ಬಿದ್ದಿದೆ. ಅದಕ್ಕೆ ಬೇರೆ ಕಾರಣವೂ ಇರಬೇಕು. ಆ ಸಿಲಿಂಡರಿನ ಇಂಜೆಕ್ಟರನ್ನು ಬೇರೆಯಾಗಿ ಟೆಸ್ಟ್ ಮಾಡಿಸಿ. ಸಿಂಪಡಿಸುವ ಬದಲು ಹನಿ ಹನಿ ಬೀಳುತ್ತಿದ್ದರೆ ಆ ಡೀಸೆಲ್ ಲೈನರ್ ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತದೆ. ಒಣ ಗೋಡೆಗೆ ರಿಂಗ್ ಉಜ್ಜಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಹಳೇ ಎಂಜಿನ್ ಪ್ರೇಮಿ · ಮೇ 29

ಹೂವಿನ ನೀರಿನ ಓಟ ಎಷ್ಟು ಗಂಟೆ ಆಯಿತು ಅಂತ ಲೆಕ್ಕ ಇಟ್ಟಿದ್ದೀರಾ? ದಿನಕ್ಕೆ 12 ಗಂಟೆಯ ಹಾಗೆ 20 ದಿನ ಅಂದರೆ 240 ಗಂಟೆ. ಎಂಜಿನ್ ನಿಮಿಷಕ್ಕೆ 1500 ಸುತ್ತಿನಲ್ಲಿ ಓಡಿತು ಅಂತ ಇಟ್ಟುಕೊಳ್ಳಿ. ಈ ಪಿಸ್ಟನ್ನಿನ ಓಟ 127 ಮಿ.ಮೀ. ಮೇಲೆ ಹೋಗಿ ಕೆಳಗೆ ಬಂದರೆ 254 ಮಿ.ಮೀ. ಗಂಟೆಗೆ 90,000 ಸಲ. ಅಂದರೆ ಗಂಟೆಗೆ ಸುಮಾರು 23 ಕಿ.ಮೀ. ಲೈನರಿಗೆ ಉಜ್ಜಿಕೊಂಡು ಹೋಗುತ್ತದೆ. 240 ಗಂಟೆಗೆ ಸುಮಾರು 5,500 ಕಿ.ಮೀ. ಗಾಡಿ ಹೊಳೆದಂಡೆಯಲ್ಲಿ ನಿಂತಲ್ಲೇ ನಿಂತಿರುತ್ತದೆ, ಹಾಗಾಗಿ ನಮಗೆ ಅದು ಓಡಿದ ಲೆಕ್ಕಕ್ಕೇ ಬರುವುದಿಲ್ಲ.

ನಮ್ಮ ಕಡೆ ಜಾಸ್ತಿ ಜನ ತಪ್ಪುವುದು ಇಲ್ಲೇ. ಪಂಪಿನ ಕೆಲಸ ಮುಗಿದ ಕೂಡಲೇ ಆಯಿಲ್ ಬದಲಾಯಿಸಬೇಕು. ಏರ್ ಕ್ಲೀನರ್ ಬಟ್ಟಲಿನ ಎಣ್ಣೆಯನ್ನು ಆ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ನೋಡಬೇಕು. ಹೊಳೆ ಬದಿ ಗಾಡಿ ಓರೆಯಾಗಿ ನಿಂತಿದ್ದರೆ ಬಟ್ಟಲಿನ ಎಣ್ಣೆಯೂ ಓರೆ, ಡಿಪ್ ಸ್ಟಿಕ್ ಲೆಕ್ಕವೂ ಸುಳ್ಳು. ನಾಲ್ಕು ಕಲ್ಲು ಇಟ್ಟು ಮಟ್ಟ ಮಾಡಿ ನಿಲ್ಲಿಸಿ.

ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿ, ಒಳಗೆ ಬೆರಳು ಹಾಕಿ ನೋಡಿ. ಧೂಳು ಕೈಗೆ ಹತ್ತಿದರೆ ಕಾರಣ ಸಿಕ್ಕಿತು.

ಪೊನ್ನಂಪೇಟೆ ಗದ್ದೆಮನೆ · ಮೇ 29

ಈಗಷ್ಟೇ ನೋಡಿ ಬಂದೆ. ಹೋಸಿನ ಅಡಿಭಾಗ, ಕ್ಲಿಪ್ಪಿನ ಹತ್ತಿರ, ಹೆಬ್ಬೆರಳು ಅಗಲ ಸೀಳಿದೆ. ಮೇಲಿಂದ ನೋಡಿದರೆ ಕಾಣುವುದೇ ಇಲ್ಲ. ಒಳಗೆ ಕೆಂಪು ಧೂಳು ಪೌಡರ್ ಹಚ್ಚಿದ ಹಾಗೆ ಇದೆ. ತುಂಬಾ ಬೇಜಾರಾಯಿತು. ಎರಡು ಬೇಸಿಗೆ ಈ ಎಂಜಿನ್ ಮಣ್ಣು ತಿಂದಿದೆ.

ಸುಂಟಿಕೊಪ್ಪ ಹುಡುಗ · ಮೇ 30

ನಮ್ಮ ಹತ್ತಿರ ಹಳೆ ಎಚ್‌ಎಂಟಿ 2511 ಇದೆ, ಎರಡು ಸಿಲಿಂಡರ್. ಅದಕ್ಕೂ ಇದೇ ರೀತಿ ಮಾಡಬಹುದಾ? 2016ರಲ್ಲಿ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗವನ್ನೇ ಮುಚ್ಚುವ ತೀರ್ಮಾನ ಆದ ಮೇಲೆ ಪಾರ್ಟ್ಸ್ ಹುಡುಕುವುದೇ ಒಂದು ಕೆಲಸ ಆಗಿದೆ.

ಲೇತ್ ಕೆಲಸದವ, ಕುಶಾಲನಗರ · ಮೇ 30

ನಿಮ್ಮದು ಝೆಟರ್ ಮೂಲದ ಎಂಜಿನ್, ಅದರಲ್ಲಿ ವೆಟ್ ಲೈನರ್. ನೀರು ನೇರ ಲೈನರಿಗೇ ತಾಗುತ್ತದೆ. ಪುಲ್ಲರ್ ಇದ್ದರೆ ಶೆಡ್ಡಿನಲ್ಲೇ ಎಳೆದು ಹೊಸದು ಕೂರಿಸಬಹುದು. ಕೆಳಗಿನ ರಬ್ಬರ್ ರಿಂಗ್ ಹೊಸದೇ ಹಾಕಿ, ತಿರುಚಿಕೊಳ್ಳದ ಹಾಗೆ ಕೂರಿಸಿ. ಆಮೇಲೆ ಸಂಪ್ (ಎಂಜಿನ್ ಅಡಿಯ ಆಯಿಲ್ ತಟ್ಟೆ) ಹಾಕುವ ಮೊದಲೇ ನೀರು ತುಂಬಿಸಿ ಒಂದು ರಾತ್ರಿ ಬಿಡಿ. ಹನಿ ಬಂದರೆ ಆಗಲೇ ಗೊತ್ತಾಗುತ್ತದೆ. ಮ್ಯಾಸ್ಸಿಯ ಸಿಂಪ್ಸನ್ನಿನಲ್ಲಿ ಡ್ರೈ ಲೈನರ್, ಬ್ಲಾಕಿನೊಳಗೆ ಬಿಗಿಯಾಗಿ ಕೂತಿರುತ್ತದೆ. ಅದನ್ನು ಪ್ರೆಸ್ ಮಾಡಿ ಕೂರಿಸಬೇಕು. ಕೂರಿಸಿದ ಮೇಲೆ ಅಳತೆಗೆ ಬೋರ್ ಮಾಡಿ, ಹೋನಿಂಗ್ (ಕಲ್ಲಿನಿಂದ ಉಜ್ಜಿ ಸಣ್ಣ ಗೀರು ಕೊಡುವುದು) ಮಾಡಬೇಕಾಗುತ್ತದೆ. ಅದು ಲೇತಿನ ಕೆಲಸವೇ.

ಪೊನ್ನಂಪೇಟೆ ಗದ್ದೆಮನೆ · ಜೂನ್ 6

ಬಿಚ್ಚಿದ್ದೇವೆ. ಚಿಕ್ಕಪ್ಪನ ಮಗ ಮತ್ತು ಇನ್ನೊಬ್ಬ ಮೆಕ್ಯಾನಿಕ್ ಅಣ್ಣ ಜೊತೆಗಿದ್ದರು. ಮುಂದಿನ ಆಕ್ಸಲ್ ಬಿಚ್ಚಿ ಸಂಪ್ ಇಳಿಸಿದೆವು. ಗೇರ್ ಬಾಕ್ಸ್ ಅಡಿಗೆ ದಪ್ಪ ಮರದ ದಿಮ್ಮಿ ಕೊಟ್ಟು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟೆವು. ಜ್ಯಾಕ್ ಒಂದನ್ನೇ ನಂಬಿ ಯಾರೂ ಅಡಿಗೆ ಹೋಗಲಿಲ್ಲ.

ಅಳತೆ ಹೀಗೆ ಬಂತು. ಮೂರನೇ ಲೈನರಿನಲ್ಲಿ ರಿಂಗ್ ಗ್ಯಾಪ್ ತಳದಲ್ಲಿ 13 ಥೌ, ಮೇಲೆ 44. ಅಂದರೆ 10 ಥೌ ಸವೆದಿದೆ. ಒಂದು ಮತ್ತು ಎರಡರಲ್ಲಿ 6, 7 ಥೌ. ಮೂರನೇ ಪಿಸ್ಟನ್ನಿನ ಮೇಲಿನ ರಿಂಗ್ ಕೈಯಲ್ಲೇ ಅಲ್ಲಾಡುತ್ತದೆ. ಸ್ಕರ್ಟಿನಲ್ಲಿ ಉದ್ದುದ್ದ ಗೀರು. ಆಯಿಲ್ ರಿಂಗಿನ ತೂತುಗಳು ಕರಿಯಿಂದ ಮುಚ್ಚಿವೆ. ಇಂಜೆಕ್ಟರ್ ಟೆಸ್ಟ್ ಮಾಡಿಸಿದೆ, ಮೂರನೆಯದು ಹನಿ ಬಿಡುತ್ತಿತ್ತು. ನೀವು ಹೇಳಿದ್ದೇ ಸರಿ.

ಲೇತ್ ಕೆಲಸದವ, ಕುಶಾಲನಗರ · ಜೂನ್ 6

ಹಾಗಾದರೆ ಮೂರಕ್ಕೂ ಲೈನರ್, ಪಿಸ್ಟನ್, ರಿಂಗ್, ಗಜ್ಜನ್ ಪಿನ್ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್) ಸೆಟ್ ಹಾಕಿಸಿ. ಇಷ್ಟು ಬಿಚ್ಚಿದ ಮೇಲೆ ಎರಡನ್ನು ಹಳೆಯದೇ ಬಿಟ್ಟರೆ ಇನ್ನೆರಡು ವರ್ಷಕ್ಕೆ ಮತ್ತೆ ಇದೇ ಕೂಲಿ, ಇದೇ ಗ್ಯಾಸ್ಕೆಟ್ ಖರ್ಚು. ಹೊಸದಕ್ಕೂ ಹಳೆಯದಕ್ಕೂ ತೂಕದ ವ್ಯತ್ಯಾಸ ಬೇರೆ ಇರುತ್ತದೆ. ಶೆಲ್ ಬೇರಿಂಗ್ (ಕ್ರ್ಯಾಂಕ್ ತಿರುಗುವ ಬೇರಿಂಗ್) ಹೇಗಿದ್ದರೂ ಹೊಸದು ಹಾಕಿ. ಕ್ರ್ಯಾಂಕ್ ಅಳತೆ ಮಾಡಿಸಿ. ಗ್ರೈಂಡ್ ಮಾಡಿಸಬೇಕಾಗಿ ಬಂದರೆ 10 ಅಥವಾ 20 ಥೌ ಅಂಡರ್‌ಸೈಜ್ ಶೆಲ್ ತರಬೇಕಾಗುತ್ತದೆ. ಆ ಅಳತೆ ಕೈಗೆ ಬರುವ ತನಕ ಶೆಲ್ ಖರೀದಿ ಮಾಡಬೇಡಿ.

ಹಳೆ ಪಿಸ್ಟನ್ ಒಂದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ. ತಲೆಯ ಗುಂಡಿಯ ಆಕಾರ, ಪಿನ್ನಿನ ದಪ್ಪ, ರಿಂಗಿನ ಗ್ರೂವುಗಳ ಎಣಿಕೆ ಮೂರನ್ನೂ ಪಕ್ಕದಲ್ಲಿಟ್ಟು ನೋಡಿ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಪಿಸ್ಟನ್ ಬರುತ್ತವೆ.

ಶನಿವಾರಸಂತೆ ರೈತ · ಜೂನ್ 7

10 ಥೌ ಇದ್ದರೆ ರಿಂಗ್ ಸಾಲದು, ಒಪ್ಪಿದೆ. ನನಗೆ ಅಳತೆ ಮಾಡಿ ತೋರಿಸಿದವರೇ ಇರಲಿಲ್ಲ. ಈ ರಿಂಗ್ ಗ್ಯಾಪ್ ಲೆಕ್ಕ ಬರೆದು ಇಟ್ಟುಕೊಂಡಿದ್ದೇನೆ.

ನಾಪೋಕ್ಲು ಅಕ್ಕ · ಜೂನ್ 9

ಲೇತಿನಿಂದ ಬ್ಲಾಕ್ ಬಂದ ಮೇಲೆ ತೊಳೆಯುವ ವಿಷಯ ಹೇಳುತ್ತೇನೆ. ನಮ್ಮ ಮನೆಯವರು ಮೊದಲ ಸಲ ಎಂಜಿನ್ ಮಾಡಿಸಿದಾಗ ಒಂದೇ ವರ್ಷಕ್ಕೆ ಮತ್ತೆ ಹೊಗೆ ಬಂತು. ಹೋನಿಂಗ್ ಆದ ಬ್ಲಾಕನ್ನು ಡೀಸೆಲ್ ಹಾಕಿ ಒರೆಸಿ ಜೋಡಿಸಿದ್ದರು. ಹೋನಿಂಗ್ ಕಲ್ಲಿನ ಪುಡಿ ಗೋಡೆಯ ಗೀರಿನೊಳಗೆ ಕೂತಿರುತ್ತದೆ. ಡೀಸೆಲ್, ಸೀಮೆಎಣ್ಣೆ ಹಾಕಿದರೆ ಎಣ್ಣೆ ಜಿಡ್ಡು ಹೋಗುತ್ತದೆ, ಪುಡಿ ಅಲ್ಲೇ ಉಳಿಯುತ್ತದೆ. ಆಮೇಲೆ ಹೊಸ ರಿಂಗನ್ನು ಅದೇ ತಿಂದು ಹಾಕುತ್ತದೆ.

ಎರಡನೇ ಸಲ ನಾನೇ ನಿಂತು ತೊಳೆಸಿದೆ. ಬಿಸಿನೀರು, ಸೋಪಿನ ಪುಡಿ, ಗಟ್ಟಿ ಬ್ರಷ್. ಆಯಿಲ್ ಹೋಗುವ ತೂತುಗಳಿಗೂ ಬ್ರಷ್ ಹಾಕಬೇಕು. ತೊಳೆದ ಮೇಲೆ ಬಿಳಿ ಬಟ್ಟೆಗೆ ಸ್ವಲ್ಪ ಎಂಜಿನ್ ಆಯಿಲ್ ಹಚ್ಚಿ ಲೈನರ್ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ. ನಾವು ನಾಲ್ಕು ಸಲ ತೊಳೆದೆವು. ಹಳೆ ಪಂಚೆಯ ತುಂಡು ಇದಕ್ಕೆ ಬಹಳ ಒಳ್ಳೆಯದು, ನಾರು ಬಿಡುವುದಿಲ್ಲ.

ಜೂನ್‌ನಲ್ಲಿ ನಮ್ಮ ಕೊಡಗಿನ ಹವೆ ಗೊತ್ತಲ್ವಾ? ತೊಳೆದ ಲೈನರನ್ನು ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ಕೆಂಪು ತುಕ್ಕು. ಗಾಳಿ ಹೊಡೆದು ಒಣಗಿಸಿದ ಕೂಡಲೇ ಎಂಜಿನ್ ಆಯಿಲ್ ಹಚ್ಚಿ, ಪ್ಲಾಸ್ಟಿಕ್ ಮುಚ್ಚಿಬಿಡಿ.

ಹಳೇ ಎಂಜಿನ್ ಪ್ರೇಮಿ · ಜೂನ್ 9

ಅಕ್ಕ ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ. ನಾನು ಜೋಡಣೆಯ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಗಜ್ಜನ್ ಪಿನ್ನನ್ನು ಸುತ್ತಿಗೆಯಿಂದ ಹೊಡೆದು ಹಾಕಬೇಡಿ. ಪಿಸ್ಟನ್ನನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಒರೆಸಿದರೆ ಪಿನ್ ಹೆಬ್ಬೆರಳಿಗೇ ಒಳಗೆ ಹೋಗುತ್ತದೆ. ಎರಡೂ ಕಡೆ ಸರ್ಕ್ಲಿಪ್ ಹೊಸದು ಹಾಕಿ, ಕಚ್ಚಿಕೊಂಡಿದೆಯಾ ಅಂತ ತಿರುಗಿಸಿ ನೋಡಿ. ಪಿಸ್ಟನ್ ತಲೆಯ ಮೇಲೆ ಬಾಣದ ಗುರುತು ಇದ್ದರೆ ಅದು ರೇಡಿಯೇಟರ್ ಕಡೆಗೆ. ರಾಡಿಗೂ ಅದರ ಕ್ಯಾಪಿಗೂ ಒಂದೇ ನಂಬರ್ ಇರುತ್ತದೆ, ಎರಡೂ ಒಂದೇ ಕಡೆಗೆ ಬರಬೇಕು. ರಿಂಗಿನಲ್ಲಿ 'ಟಾಪ್' ಅಂತ ಬರೆದ ಮುಖ ಮೇಲಕ್ಕೆ. ರಿಂಗಿನ ಬಾಯಿಗಳು ಒಂದರ ಕೆಳಗೆ ಒಂದು ಬರದ ಹಾಗೆ ಸುತ್ತಲೂ ಹಂಚಿ.

ರಿಂಗ್ ಕಂಪ್ರೆಸರ್ ಹಾಕಿ ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಳ್ಳಿ. ಎಲ್ಲಾದರೂ ತಡೆದರೆ ನಿಲ್ಲಿಸಿ, ಹೊರಗೆ ತೆಗೆಯಿರಿ. ರಿಂಗ್ ಅಂಚಿಗೆ ಸಿಕ್ಕಿಕೊಂಡಿರುತ್ತದೆ, ಜೋರು ಮಾಡಿದರೆ ಮುರಿಯುತ್ತದೆ. ಒಂದೊಂದು ಪಿಸ್ಟನ್ ಹಾಕಿ ರಾಡ್ ಬಿಗಿ ಮಾಡಿದ ಮೇಲೂ ಕ್ರ್ಯಾಂಕ್ ಕೈಯಿಂದ ತಿರುಗಿಸಿ. ಮೂರೂ ಹಾಕಿದ ಮೇಲೆ ಬಿಗಿ ಅನ್ನಿಸಿದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ರಾಡ್ ಬೋಲ್ಟ್, ಹೆಡ್ ನಟ್ ಎರಡಕ್ಕೂ ಟಾರ್ಕ್ ವ್ರೆಂಚ್ ಬೇಕೇ ಬೇಕು. ಹೆಡ್ಡನ್ನು ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಟ್ಯಾಪೆಟ್ (ವಾಲ್ವ್ ಸಂದಿ) ಎಂಜಿನ್ ತಣ್ಣಗಿರುವಾಗ 12 ಥೌ.

ಪೊನ್ನಂಪೇಟೆ ಗದ್ದೆಮನೆ · ಜೂನ್ 21

ಕ್ರ್ಯಾಂಕ್ ಚೆನ್ನಾಗಿತ್ತು, ಪಾಲಿಶ್ ಮಾತ್ರ ಆಯಿತು, ಸ್ಟ್ಯಾಂಡರ್ಡ್ ಶೆಲ್ಲೇ ಹಾಕಿದೆವು. ಬ್ಲಾಕ್ ತೊಳೆದಿದ್ದು ಐದು ಸಲ. ಅಮ್ಮ ಒಲೆ ಮೇಲೆ ನೀರು ಕಾಯಿಸಿ ಕಾಯಿಸಿ ಕೊಟ್ಟರು. ಎರಡನೇ ಪಿಸ್ಟನ್ ಹಾಕುವಾಗ ತಡೆಯಿತು. ತೆಗೆದು ನೋಡಿದರೆ ಆಯಿಲ್ ರಿಂಗ್ ಹೊರಗೆ ಜಾರಿತ್ತು. ಈ ಮಾತು ಮೊದಲೇ ಓದಿರದಿದ್ದರೆ ಖಂಡಿತ ಹೊಡೆದು ಕೂರಿಸುತ್ತಿದ್ದೆವು.

ನಿನ್ನೆ ಸಂಜೆ ಸ್ಟಾರ್ಟ್ ಆಯಿತು. ಸ್ಟಾಪ್ ಎಳೆದಿಟ್ಟು ಸೆಲ್ಫ್ ಹೊಡೆದು, ಆಯಿಲ್ ಪ್ರೆಷರ್ ಬಂದ ಮೇಲೆ ಬಿಟ್ಟೆವು. ಅಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಸದ್ದು ಕೇಳುತ್ತಾ ಇದ್ದರು. ಏನೂ ಮಾತಾಡಲಿಲ್ಲ, ಬಾನೆಟ್ ಮೇಲೆ ಕೈ ಇಟ್ಟು ಒಳಗೆ ಹೋದರು. ಈಗ ಎಷ್ಟು ದಿನ ಮೆಲ್ಲಗೆ ಓಡಿಸಬೇಕು?

ಲೇತ್ ಕೆಲಸದವ, ಕುಶಾಲನಗರ · ಜೂನ್ 21

ಬಹಳ ಸಂತೋಷ. ಮೆಲ್ಲಗೆ ಅಂದರೆ ಶೆಡ್ಡಿನಲ್ಲಿ ಸ್ಲೋ ಬಿಟ್ಟು ಗಂಟೆಗಟ್ಟಲೆ ಓಡಿಸುವುದಲ್ಲ. ಅದೇ ದೊಡ್ಡ ತಪ್ಪು. ಲೋಡ್ ಇಲ್ಲದಿದ್ದರೆ ರಿಂಗನ್ನು ಗೋಡೆಗೆ ಒತ್ತುವ ಒತ್ತಡವೇ ಬರುವುದಿಲ್ಲ. ಲೈನರ್ ಗಾಜಿನ ಹಾಗೆ ನುಣುಪಾಗುತ್ತದೆ, ರಿಂಗ್ ಕೂರುವುದಿಲ್ಲ, ಮತ್ತೆ ಆಯಿಲ್ ತಿನ್ನುತ್ತದೆ. ಎಂಜಿನ್ ಬಿಸಿಯಾದ ಮೇಲೆ ಹದವಾದ ಕೆಲಸ ಕೊಡಿ. ಅರ್ಧ ಟ್ರೈಲರ್ ಗೊಬ್ಬರ ಎಳೆಸಿ, ಒಣ ಜಾಗದಲ್ಲಿ ಟಿಲ್ಲರ್ ಹೊಡೆಸಿ. ಒಂದೇ ಸ್ಪೀಡಿನಲ್ಲಿ ಬಹಳ ಹೊತ್ತು ಇಡಬೇಡಿ. ಹೊಗೆ ಕಪ್ಪಾಗುವಷ್ಟು ಎಳೆಸಬೇಡಿ. 50 ಗಂಟೆಗೆ ಆಯಿಲ್, ಫಿಲ್ಟರ್ ಬದಲಾಯಿಸಿ, ಹೆಡ್ ನಟ್ ಮತ್ತು ಟ್ಯಾಪೆಟ್ ಇನ್ನೊಮ್ಮೆ ನೋಡಿಸಿ.

ಮಳೆಗಾಲ ಅಲ್ವಾ, ಸೈಲೆನ್ಸರ್ ಬಾಯಿಗೆ ಮುಚ್ಚಳ ಇದೆಯಾ ನೋಡಿ. ಗಾಡಿ ಹೊರಗೆ ನಿಂತರೆ ನೀರು ನೇರ ಒಳಗೆ ಇಳಿದು, ವಾಲ್ವ್ ತೆರೆದಿರುವ ಸಿಲಿಂಡರಿಗೆ ಹೋಗುತ್ತದೆ. ಹೊಸ ರಿಂಗ್ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ.

ಪೊನ್ನಂಪೇಟೆ ಗದ್ದೆಮನೆ · ಸೆಪ್ಟೆಂಬರ್ 5

ಕೈಲ್‌ಪೋದ್ (ಕೊಡಗಿನ ಆಯುಧ ಪೂಜೆಯ ಹಬ್ಬ) ಮುಗಿಸಿ ಬರೆಯುತ್ತಿದ್ದೇನೆ. ಈ ಸಲ ಕೋವಿ, ಕತ್ತಿಗಳ ಜೊತೆ ಟ್ರ್ಯಾಕ್ಟರಿಗೂ ತೋಕ್ ಪೂವಿನ ಹಾರ ಹಾಕಿದೆವು. ನಮ್ಮದೂ ದೊಡ್ಡಪ್ಪನದೂ ಸೇರಿ ಎಲ್ಲಾ ಗದ್ದೆ ಕೆಸರು ಹೊಡೆದು ಮುಗಿಯಿತು. 110 ಗಂಟೆ ಓಡಿದೆ. 50ಕ್ಕೆ ಆಯಿಲ್ ಬದಲಾಯಿಸಿದ ಮೇಲೆ ಮೇಲಿನಿಂದ ಹಾಕಿದ್ದು ಕಾಲು ಲೀಟರೂ ಇಲ್ಲ. ಬೆಳಗ್ಗೆ ಅರ್ಧ ಸೆಲ್ಫಿಗೆ ಸ್ಟಾರ್ಟ್.

ಹೋಸ್ ಎಲ್ಲಿ ಸಿಕ್ಕಿತು ಅಂತ ಇಬ್ಬರು ಕೇಳಿದ್ದರು. ಗೋಣಿಕೊಪ್ಪದಲ್ಲೇ ಸಿಕ್ಕಿತು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಎರಡು ಬಾಯಿಯ ಅಳತೆ ಬೇರೆ ಬೇರೆ ಇದೆ. ಜೊತೆಗೆ ಎರಡು ಹೊಸ ಕ್ಲಿಪ್ ತನ್ನಿ.

ನಾಪೋಕ್ಲು ಅಕ್ಕ · ಸೆಪ್ಟೆಂಬರ್ 5

ಓದಿ ಖುಷಿ ಆಯಿತು. ನಮ್ಮ ಗಾಡಿಯ ಹೋಸಿನ ಅಡಿಭಾಗ ನಾನೂ ಇದುವರೆಗೆ ನೋಡಿಲ್ಲ. ಮಳೆ ಬಿಟ್ಟ ಕೂಡಲೇ ಬಿಚ್ಚುತ್ತೇನೆ, ಒಳಗೆ ಏನಿದೆ ಅಂತ ಫೋಟೋ ಹಾಕುತ್ತೇನೆ.